ಮೊಣಕಾಲ ಮೇಲಿಟ್ಟ ಕೈ

ವರ್ಷಕ್ಕೊಂದು ದಿನ ಭರತೇಶನ ಬಾಯಿಗೆ ಬೀಗ ಬೀಳುತ್ತಿತ್ತು. ಆ ದಿನ ಗುರುನಾಥನೇ ಅವನ ಬಾಯಿ. ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಬರುತ್ತದಲ್ಲ, ಅದರಲ್ಲಿ ಉತ್ತಮ ಸತ್ಯದ ದಿನ ಭರತೇಶ ಮೌನವ್ರತ ಹಿಡಿಯುತ್ತಿದ್ದ. ಸತ್ಯ ಹೇಳಿದರೆ ಜಗಳ, ಸುಳ್ಳು ಹೇಳಿದರೆ ಪಾಪ, ಅದಕ್ಕೇ ಜಾಣ ಸುಮ್ಮನಿದ್ದುಬಿಡುತ್ತಾನೆ ಎಂದು ಗುರುನಾಥ ಪ್ರತಿವರ್ಷ ಚೇಷ್ಟೆ ಮಾಡುತ್ತಿದ್ದ.

ಆದರೆ ಅದು ಸುಮ್ಮನಿರುವ ಮೌನವಾಗಿರಲಿಲ್ಲ. ಬಾಯಿ ಮುಚ್ಚಿದಷ್ಟೂ ಭರತೇಶನ ಕೈಗಳಿಗೆ ಮಾತು ಬರುತ್ತಿತ್ತು. ಎರಡು ಬೆರಳು ತಿಕ್ಕಿದರೆ ಮಣ್ಣು ಒಣಗಿದೆ, ನೀರು ಚಿಮುಕಿಸಿರಿ ಎಂದು. ಅಂಗೈ ಬೀಸಿದರೆ ಫ್ಯಾನು ಹಚ್ಚಿರಿ ಎಂದು. ಚಹಾ ತಂದವರ ಮುಂದೆ ಕೈ ಅಡ್ಡ ಹಿಡಿದರೆ ಇವತ್ತು ಉಪವಾಸ ಎಂದು. ಗುರುನಾಥ ಪಕ್ಕದಲ್ಲಿ ನಿಂತು ಅದನ್ನೆಲ್ಲ ಮಾತಿಗೆ ಇಳಿಸುತ್ತಿದ್ದ, ನಡುವೆ ತನ್ನದೂ ಒಂದಿಷ್ಟು ಸೇರಿಸುತ್ತಿದ್ದ. "ಭರತೇಶ ಅಂತಾನ, ಇವತ್ತ ಎಲ್ಲಾರಿಗೂ ಅರ್ಧಾ ದಿನ ಸೂಟಿ" ಎಂದು ಸಾರಿದರೆ ಭರತೇಶ ಎರಡೂ ಕೈ ಬೀಸಿ ಅಲ್ಲ, ಅಲ್ಲ ಎನ್ನುತ್ತಿದ್ದ. ಶೆಡ್ಡಿನ ತುಂಬ ನಗು ಏಳುತ್ತಿತ್ತು.

ಕುಪವಾಡ ಎಂಐಡಿಸಿಯಲ್ಲಿರುವ ಆ ಶೆಡ್ಡು ನಂದನ ವಿಹಾರ ಕಂಪನಿಯ ಕಲಾ ವಿಭಾಗ. ಕಂಪನಿಯ ಪಾರ್ಕು ಇರುವುದು ಮಿರಜ ರಸ್ತೆಯಲ್ಲಿ. ಅಲ್ಲಿ ನೀರಿನ ಜಾರುಬಂಡೆ ಇದೆ, ಎತ್ತರದ ತಿರುಗುವ ತೊಟ್ಟಿಲು ಇದೆ, ಆದರೆ ಜನ ಟಿಕೆಟ್ಟು ತೆಗೆಸಿ ಒಳಗೆ ಹೋಗುವುದು ಫೈಬರಿನ ಹಳ್ಳಿ ನೋಡಲಿಕ್ಕೆ. ಗಾಣ ತಿರುಗಿಸುವ ಎತ್ತು, ಬೀಸುವ ಕಲ್ಲಿನ ಮುಂದೆ ಕುಳಿತ ಅತ್ತೆ ಸೊಸೆ, ಕ್ಷೌರ ಮಾಡಿಸಿಕೊಳ್ಳುತ್ತ ತೂಕಡಿಸುವ ಗೌಡ. ಎಷ್ಟು ನಿಜವೆಂದರೆ, ಕುಡಿದು ಬಂದ ಒಬ್ಬ ಆ ಗೌಡನಿಗೆ ನಮಸ್ಕಾರ ಹೇಳಿ, ಉತ್ತರ ಬರಲಿಲ್ಲವೆಂದು ಜಗಳ ತೆಗೆದಿದ್ದ. ಇವರೆಲ್ಲ ಹುಟ್ಟಿದ್ದು ಈ ಶೆಡ್ಡಿನಲ್ಲಿ. ಮಣ್ಣಿನಲ್ಲಿ ಆಕಾರ ತೆಗೆಯುವವನು ಭರತೇಶ, ಕೊನೆಗೆ ಬಣ್ಣ ಕೊಡುವವನು ಗುರುನಾಥ. ಇಬ್ಬರೂ ಮೀಸೆ ಚಿಗುರುವ ವಯಸ್ಸಿನಲ್ಲಿ ಧೋಂಡಪ್ಪ ಮಾಸ್ತರರ ಕೈಕೆಳಗೆ ಸೇರಿಕೊಂಡವರು, ಈಗ ಇಬ್ಬರ ಮೀಸೆಯೂ ನೆರೆತಿದೆ.

ಗುರುನಾಥನಿಗೆ ಹೆಸರು ತಂದದ್ದು ಒಂದು ಹಳದಿ. ಅರಿಶಿನದ ಹಳದಿ. ಸಾಂಗ್ಲಿ ಸೀಮೆಯಲ್ಲಿ ಹುಟ್ಟಿದವನಿಗೆ ಅರಿಶಿನದ ಬಣ್ಣ ಬಾರದೆ ಇದ್ದೀತೆ ಎಂದು ಯಾರಾದರೂ ಕೇಳಬಹುದು. ಕಣ್ಣಿಗೆ ಕಂಡದ್ದೆಲ್ಲ ಕೈಗೆ ಬರುವ ಹಾಗಿದ್ದರೆ ಊರಿಗೆ ಊರೇ ಚಿತ್ರಗಾರರಾಗುತ್ತಿದ್ದರು. ಒಣಗಿದ ಕೊಂಬಿನ ಹಳದಿ ಬೇರೆ, ಪುಡಿಯ ಹಳದಿ ಬೇರೆ, ಅರಿಶಿನ ಹಚ್ಚಿಕೊಂಡು ತೊಳೆದ ಹೆಣ್ಣಿನ ಕೆನ್ನೆಯ ಹಳದಿ ಬೇರೆಯೇ. ಗುರುನಾಥ ಬಣ್ಣ ಕೊಟ್ಟ ಮದುಮಗಳ ಮುಂದೆ ನಿಂತ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಧೋಂಡಪ್ಪ ಮಾಸ್ತರರೇ ನೋಡಿ ಬಂದು ಹೇಳಿದ್ದರು. ಹೊಗಳುವುದೆಂದರೆ ಜೇಬಿನಿಂದ ಕೊಡಬೇಕೇನೋ ಎಂಬಂತೆ ಇರುತ್ತಿದ್ದ ಮನುಷ್ಯ. ಅವರ ಬಾಯಿಂದ ಆ ಮಾತು ಬಂದ ದಿನ ಗುರುನಾಥ ಮನೆಗೆ ಪೇಡೆ ಒಯ್ದಿದ್ದ.

ಮಾಸ್ತರರಿಗೆ ಮೊಣಕಾಲು ಸೋತವು. ಹೋದ ವರ್ಷ ದೀಪಾವಳಿಯಾದ ಮೇಲೆ ಮುಖ್ಯಸ್ಥರ ಕುರ್ಚಿ ಬಿಟ್ಟು ಮಗಳ ಊರಿಗೆ ಹೊರಟರು. ಹೋಗುವಾಗ "ಗುರುನಾಥ ಇದ್ದಾನಲ್ಲ" ಎಂದು ಎಲ್ಲರ ಎದುರಿಗೇ ಹೇಳಿ ಹೋದರು. ಆದರೆ ಕಂಪನಿಯ ಮಾಲೀಕ ಜಯಕುಮಾರ ಶೇಠರಿಗೆ ಆಗ ಹೊಸ ಗಾಳಿ ಬಡಿದಿತ್ತು. ಪುಣೆಯಿಂದ ಮೃಣಾಲ ಎಂಬ ಹುಡುಗಿಯನ್ನು ಕರೆತಂದು ಕ್ರಿಯೇಟಿವ್ ಡೈರೆಕ್ಟರ್ ಎಂದು ಕೂರಿಸಿದರು. ಹಳ್ಳಿಯ ಪಕ್ಕದಲ್ಲಿ ಡೈನೋಸಾರುಗಳು ಬೇಕು ಎಂದಳು ಅವಳು. ಹುಡುಗಿ ಕೆಟ್ಟವಳೇನಲ್ಲ. ಅವಳು ಹೇಳಿದ್ದು ಶೆಡ್ಡಿಗೆ ತಿಳಿಯಲಿಲ್ಲ, ಶೆಡ್ಡು ಹೇಳಿದ್ದು ಅವಳಿಗೆ ತಿಳಿಯಲಿಲ್ಲ. ಮಳೆಗಾಲ ಹಿಡಿಯುವುದರೊಳಗೆ ದೊಡ್ಡ ಊರಿನಲ್ಲಿ ದೊಡ್ಡ ಕೆಲಸ ಸಿಕ್ಕಿ ಹೋದಳು. ಅರ್ಧ ಆದ ಒಂದು ಡೈನೋಸಾರು ಹಿತ್ತಲಲ್ಲಿ ಮಳೆಗೆ ನೆನೆಯುತ್ತ ಉಳಿಯಿತು, ಅದರ ಬಾಯಲ್ಲಿ ಬೆಕ್ಕು ಮರಿ ಹಾಕಿತು.

ಕೈ ಸುಟ್ಟುಕೊಂಡ ಶೇಠರು ಈ ಸಲ ನಮ್ಮವರಲ್ಲೇ ಒಬ್ಬರನ್ನು ಮುಖ್ಯಸ್ಥರನ್ನಾಗಿ ಮಾಡುತ್ತೇನೆ ಎಂದರು. ದಸರೆಗೆ ಪಾರ್ಕಿನಲ್ಲಿ ಅರಿಶಿನ ಪೇಟೆ ಎಂಬ ಹೊಸ ಭಾಗ ತೆರೆಯಬೇಕು, ಅದರ ಮೊದಲು ಕುರ್ಚಿ ತುಂಬಬೇಕು. ಅರಿಶಿನ ಪೇಟೆ ಅಂದ ಮೇಲೆ ಹೆಸರು ಬೇರೆ ಹೇಳಬೇಕೆ? ಶೆಡ್ಡಿನವರೆಲ್ಲ ಗುರುನಾಥನನ್ನು ಆಗಲೇ ಸಾಹೇಬ ಎಂದು ರೇಗಿಸತೊಡಗಿದರು. ಮಾಧವನಗರದ ಮನೆಯಲ್ಲಿ ಅವನ ಹೆಂಡತಿ ಮಂದಾ ಒಂದು ಹೆಜ್ಜೆ ಮುಂದೆ ಹೋಗಿ ಸಾಂಗ್ಲಿಯಿಂದ ಅಚ್ಚ ಬಿಳಿಯ ಅಂಗಿಯೊಂದನ್ನು ತಂದಿಟ್ಟಳು.

"ಕೂಸು ಹುಟ್ಟೂಕಿಂತ ಮದಲ ಕುಲಾವಿ" ಎಂದು ಗುರುನಾಥ ನಕ್ಕ.

"ನಕ್ಕೋರಿ. ಖುರ್ಚಿ ಮ್ಯಾಲೆ ಬಣ್ಣಾ ಬಡಕೊಂಡ ಅಂಗಿ ಹಾಕ್ಕೊಂಡು ಕುಂದ್ರತೀರೇನು?" ಎಂದು ಮಂದಾ ಅಂಗಿಯನ್ನು ಟ್ರಂಕಿನಲ್ಲಿ ಮಡಿಚಿಟ್ಟಳು.

ನಕ್ಕರೂ ಗುರುನಾಥನಿಗೆ ಆ ಕುರ್ಚಿಯ ಆಸೆ ಇತ್ತು, ಬಹಳ ಇತ್ತು. ಅದನ್ನು ಮುಚ್ಚಿಡುವುದೇಕೆ. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ಮಿರಜದ ಡಾಕ್ಟರರು ಲೇಸರ್ ಮಾಡಿ, ಉಳಿದದ್ದನ್ನು ಜೋಪಾನ ಮಾಡಿಕೊಳ್ಳಿ ಎಂದಿದ್ದರು. ಸಂಜೆಯ ಹೊತ್ತು ತುಸು ಮಂಜು ಕವಿದ ಹಾಗಾಗುತ್ತಿತ್ತು, ಅಷ್ಟೇ ಎಂದುಕೊಂಡಿದ್ದ. ಆದರೂ ಇನ್ನೆಷ್ಟು ವರ್ಷ ಬ್ರಶ್ ಹಿಡಿದೇನು ಎಂಬ ಹುಳ ಒಳಗೆ ಹೊಕ್ಕಿತ್ತು. ಕೈ ನಿಲ್ಲುವ ಮೊದಲು ಮಾಸ್ತರರ ಜಾಗದಲ್ಲಿ ಕುಳಿತು ಅರಿಶಿನ ಪೇಟೆಯನ್ನು ತನ್ನದೆಂದು ಮಾಡಿ ಹೋಗಬೇಕು. ಬದುಕಿನಲ್ಲಿ ಅವನು ಮತ್ತೇನನ್ನೂ ಕೇಳಿದವನಲ್ಲ.

ಶೇಠರು ಶೆಡ್ಡಿಗೆ ಬಂದದ್ದು ಸರಿಯಾಗಿ ಉತ್ತಮ ಸತ್ಯದ ದಿನ. ಗಣಪತಿ ಹಬ್ಬದ ಸ್ಪೀಕರು ಓಣಿಯ ತುದಿಯಲ್ಲಿ ಒದರುತ್ತಿತ್ತು. ಶೇಠರು ಮಾಸ್ತರರ ಖಾಲಿ ಕೋಣೆಯಲ್ಲಿ ಕುಳಿತು ಭರತೇಶನನ್ನು ಕರೆಸಿದರು. ರೂಢಿಯಂತೆ ಗುರುನಾಥನೂ ಜೊತೆಗೆ ಹೊರಟ.

"ಇವತ್ತ ಅವನ ಬಾಯಿ ನಾನರಿ" ಎಂದ ಬಾಗಿಲಲ್ಲಿ.

ಶೇಠರು ನಕ್ಕರು. "ಗೊತ್ತೈತಿ. ಆದರ ಇವತ್ತಿನ ಮಾತು ನಿಮ್ಮದ ಐತಿ, ಗುರುನಾಥ. ಹೊರಗ ಕುಂದ್ರಿ ಚೂರು."

ಗುರುನಾಥನ ಎದೆ ಹಿಗ್ಗಿತು. ತನ್ನ ಮಾತು ಎಂದರೆ ಇನ್ನಾವುದು? ಹೊರಗೆ ಬಣ್ಣದ ಡಬ್ಬಿಯ ಮೇಲೆ ಕುಳಿತು, ಭರತೇಶ ಒಳಗೆ ಕೈ ಹೇಗೆ ಹೇಗೆ ಆಡಿಸುತ್ತಿರಬಹುದು ಎಂದು ಊಹಿಸಿ ಒಬ್ಬನೇ ನಗುತ್ತಿದ್ದ. ಸ್ವಲ್ಪ ಹೊತ್ತಿಗೆ ಭರತೇಶ ಹೊರಗೆ ಬಂದ. ಗುರುನಾಥನ ಮುಖ ನೋಡಲಿಲ್ಲ. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದ, ಮಣ್ಣೇ ಇಲ್ಲದ ಕೈ.

ಹಬ್ಬ ಮುಗಿದ ಮರುದಿನ ನೋಟೀಸು ಬೋರ್ಡಿಗೆ ಕಾಗದ ಹಚ್ಚಿದರು. ಕಲಾ ವಿಭಾಗದ ಮುಖ್ಯಸ್ಥ, ಭರತೇಶ.

ಗುರುನಾಥ ಮೊದಲು ಅದನ್ನು ನಂಬಲಿಲ್ಲ. ಆಮೇಲೆ, ಶೇಠರ ತಪ್ಪಿಗೆ ಪಾಪ ಭರತೇಶ ಏನು ಮಾಡಿಯಾನು ಎಂದುಕೊಂಡ. ಆಟೋ ಹಿಡಿದು ಸಾಂಗ್ಲಿಯ ಕಚೇರಿಗೆ ಹೋಗಿ ಶೇಠರ ಮುಂದೆ ನಿಂತ. ಸಿಟ್ಟಾಗಬಾರದೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದ.

"ನನ್ನಾಗ ಏನ ಕಡಿಮಿ ಕಂಡ್ರಿ, ಶೇಠರ?"

ಜಯಕುಮಾರ ಶೇಠರು ಬೆಲ್ಲದ ವ್ಯಾಪಾರದಿಂದ ಮೇಲೆ ಬಂದವರು. ಸಿಹಿ ಮಾತು ಬಲ್ಲವರು, ಆದರೆ ಅವತ್ತು ಮಾತನ್ನು ಸಕ್ಕರೆಯಲ್ಲಿ ಅದ್ದಲಿಲ್ಲ. "ನಾ ಏನೂ ಕಂಡಿಲ್ಲರಿ. ನಾ ನಿಮಗ ಕೊಡಾಂವ ಇದ್ದೆ. ಕೊಡೂಕಿಂತ ಮದಲ ನಿಮ್ಮ ದೋಸ್ತನ್ನ ಒಂದ ಮಾತ ಕೇಳಿದೆ. ಗುರುನಾಥನ್ನ ಮಾಡಲಿ ಏನು ಅಂತ."

"ಅವತ್ತ ಅವನ ಮೌನ ಇತ್ತರಿ. ಮಾತಾಡಾಂಗಿಲ್ಲ."

"ನಾನೂ ಜೈನನ ಅದೀನಿ, ಮೌನ ನನಗ ಗೊತ್ತಿಲ್ಲೇನು?" ಶೇಠರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಚಹಾ ಬೇಕೇನು ಅಂದೆ. ಕೈ ಅಡ್ಡ ಹಿಡಿದು ಬ್ಯಾಡ ಅಂದ್ರು. ಸೆಕಿ ಆಗತೈತಿ ಅಂದೆ. ಎದ್ದು ಫ್ಯಾನ್ ಹಚ್ಚಿದ್ರು. ಮಕ್ಕಳು ಹೆಂಗದಾವ ಅಂದೆ. ಛಲೋ ಅದಾವ ಅಂತ ಕೈ ಮಾಡಿದ್ರು. ಗುರುನಾಥನ್ನ ಮಾಡಲಿ ಏನು ಅಂದೆ. ಎರಡೂ ಕೈ ಮೊಣಕಾಲ ಮ್ಯಾಲೆ ಇಟ್ಕೊಂಡು ಕುಂತುಬಿಟ್ರು."

ಗುರುನಾಥ ಮೇಜಿನ ಅಂಚು ಹಿಡಿದ.

"ಎರಡನೇ ಸಲ ಕೇಳಿದೆ. ಕೈ ಅಲ್ಲಾಡಲಿಲ್ಲ. ಹಂಗಾರ ನೀವು ಮಾಡತೀರೇನು ಅಂದೆ." ಶೇಠರು ಕನ್ನಡಕ ಮತ್ತೆ ಏರಿಸಿಕೊಂಡರು. "ಅದಕ್ಕ ಗೋಣ ಹಾಕಿದ್ರು."

ಮೌನವೇ ಸಮ್ಮತಿ ಎಂಬ ಗಾದೆ ಕಟ್ಟಿದವನು ಆ ಕೋಣೆಯಲ್ಲಿ ಇರಲಿಲ್ಲ. ಗುರುನಾಥ ಕಚೇರಿಯ ಮೆಟ್ಟಿಲು ಇಳಿದು ಬೀದಿಗೆ ಬಂದ. ಅರಿಶಿನದ ಚೀಲ ಹೇರಿದ ಟೆಂಪೋಗಳು ಹೋಗುತ್ತಿದ್ದವು, ಘಾಟಿಗೆ ದಾರಿಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವನಿಗೆ ಅಳು ಬಂತು. ಬೇರೆಯವರು ಎದೆಗೆ ಒದ್ದರೂ ಅಷ್ಟು ನೋಯುತ್ತಿರಲಿಲ್ಲ. ಇಷ್ಟು ವರ್ಷ ತಾನು ಯಾರ ಬಾಯಾಗಿದ್ದನೋ ಅವನು, ತನ್ನ ಪಾಲಿಗೆ ಒಂದು ಬೆರಳು ಎತ್ತಲಿಲ್ಲ.

ಮನೆಗೆ ಬಂದು ಮಂದಾಳಿಗೆ ಹೇಳಿದ. ಅವಳು ಕೇಳಿಸಿಕೊಂಡು, "ನಾಳೆ ಕ್ಷಮಾವಣಿ ಐತಿ. ಬಂದ ಬರ್ತಾನ. ಮುಖಾಮುಖಿ ಕೇಳ್ರಿ" ಎಂದಳು.

ಅದೂ ಸರಿಯೇ. ದಶಲಕ್ಷಣ ಮುಗಿದು ಹುಣ್ಣಿಮೆ ಕಳೆದ ಮರುದಿನ ಜೈನರು ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತಾರೆ. ಭರತೇಶ ಪ್ರತಿವರ್ಷ ಆ ದಿನ ಸಂಜೆ ಮಾಧವನಗರಕ್ಕೆ ಬರುತ್ತಿದ್ದ. ಹೊತ್ತು ಮುಳುಗಿದ ಮೇಲೆ ಅವನು ಉಣ್ಣುವವನಲ್ಲ, ಅದಕ್ಕೆ ಬಿಸಿಲು ಇರುವಾಗಲೇ ಬಂದು ಹೊಸ್ತಿಲಲ್ಲಿ ಕೈ ಜೋಡಿಸಿ, "ವರ್ಷದಾಗ ತಿಳಿದೋ ತಿಳೀದನೋ ತಪ್ಪ ಆಗಿದ್ರ ಕ್ಷಮಾ ಮಾಡು, ಗುರು" ಎನ್ನುತ್ತಿದ್ದ. "ಮಾಫ್ ಮಾಡೇನಿ ಮಾರಾಯ, ಮದಲ ಅವಲಕ್ಕಿ ತಿನ್ನು" ಎಂದು ಗುರುನಾಥ ಒಳಗೆ ಎಳೆದುಕೊಳ್ಳುತ್ತಿದ್ದ. ಒಂದು ವರ್ಷ, ಏನು ತಪ್ಪು ಮಾಡಿದ್ದೀ ಮೊದಲು ಹೇಳು ಎಂದು ಹಟ ಹಿಡಿದಾಗ ಭರತೇಶ ತಲೆ ಕೆರೆದು ಕೆರೆದು, ಒಮ್ಮೆ ನಿನ್ನ ಡಬ್ಬಿಯ ಚಕ್ಕುಲಿ ತಿಂದಿದ್ದೆ ಎಂದಿದ್ದ. ಮಂದಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು.

ಈ ವರ್ಷ ಏನು ಹೇಳಬೇಕೆಂದು ಗುರುನಾಥ ಬೆಳಗಿನಿಂದ ಮಾತು ಜೋಡಿಸುತ್ತ ಕುಳಿತ. ತಿಳಿಯದೆ ಮಾಡಿದ್ದಕ್ಕೆ ಕ್ಷಮೆ ಉಂಟು, ತಿಳಿದು ಮಾಡಿದ್ದಕ್ಕೆ ಇಲ್ಲ ಎನ್ನಬೇಕು. ಹೊಸ್ತಿಲು ದಾಟಗೊಡಬಾರದು. ಕೆಲಸಕ್ಕೆ ಹೋಗಲಿಲ್ಲ. ಮೊಬೈಲಿಗೆ ಒಂದಾದ ಮೇಲೊಂದು ಸಂದೇಶಗಳು ಬಂದವು, ಹೂವಿನ ಚಿತ್ರ, ಕೈ ಜೋಡಿಸಿದ ಚಿತ್ರ, ಉತ್ತಮ ಕ್ಷಮಾ. ಅಡತಿ ಅಂಗಡಿಯ ತವನಪ್ಪನದು ಬಂತು, ಕಂಪನಿಯ ಅಕೌಂಟಿನವರದು ಬಂತು. ಜಯಕುಮಾರ ಶೇಠರದೂ ಬಂತು, ಯಾರೋ ಕಳಿಸಿದ್ದನ್ನು ಊರಿಗೆಲ್ಲ ಕಳಿಸಿದ್ದು. ಭರತೇಶನದು ಬರಲಿಲ್ಲ. ಸಂಜೆಯಾಯಿತು, ಮಂದಾ ಕೇಳದೆಯೇ ಅವಲಕ್ಕಿಗೆ ಒಗ್ಗರಣೆ ಹಾಕಿದಳು, ಓಣಿಯಲ್ಲಿ ಬಿಸಿಲು ಇಳಿದು ಗೋಡೆ ಹತ್ತಿ ಹೋಯಿತು. ಅವನು ಬರಲಿಲ್ಲ.

ಕ್ಷಮೆ ಕೊಡಬಾರದೆಂದು ಕಾದು ಕುಳಿತವನಿಗೆ, ಕೇಳಲೂ ಬಾರದವನ ಮೇಲೆ ಎಷ್ಟು ಸಿಟ್ಟು ಬರುತ್ತದೆಂದು ಅನುಭವಿಸಿದವರಿಗೇ ಗೊತ್ತು. "ಆಟೋದವನ್ನ ಕೂಡ ಕ್ಷಮಾ ಕೇಳತಾನ ಅಂವ" ಎಂದ ಗುರುನಾಥ. "ನಾ ಆಟೋದವನಕಿಂತ ಕಡಿ ಆದೆ." ಮಂದಾ ಅವಲಕ್ಕಿ ತಟ್ಟೆಯನ್ನು ಅವನ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಎದ್ದು ಸ್ನಾನ ಮಾಡಿ, ಟ್ರಂಕಿನಿಂದ ಆ ಬಿಳಿ ಅಂಗಿ ತೆಗೆದು ಹಾಕಿಕೊಂಡ. ಕುರ್ಚಿಗೆಂದು ತಂದದ್ದು, ಕುರ್ಚಿಯಂತೂ ಇಲ್ಲ, ಕೆಲಸ ಬಿಡುವ ದಿನಕ್ಕಾದರೂ ಆಗಲಿ. ಯಾರೂ ಬರುವ ಮೊದಲು ಹೋಗಿ ತನ್ನ ಬ್ರಶ್ಶುಗಳನ್ನು ತಂದುಬಿಡುವುದು, ಆಮೇಲೆ ಫೋನಿನಲ್ಲಿ ರಾಜೀನಾಮೆ ಹೇಳುವುದು. ಶೇರ್ ಆಟೋದಲ್ಲಿ ಮೂಲೆಯಲ್ಲಿ ಕುಳಿತು, ಅಂಗಿ ಸುಕ್ಕಾಗದಂತೆ ಹಿಡಿದುಕೊಂಡು ಕುಪವಾಡಕ್ಕೆ ಹೋದ.

ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅರಿಶಿನ ಪೇಟೆಯ ಹೆಂಗಸರು ಸಾಲಾಗಿ ನಿಂತಿದ್ದರು, ಕೊಂಬು ಆರಿಸುವವಳು, ಚೀಲ ಹೊಲಿಯುವವಳು, ಮೊರ ಹಿಡಿದು ಕೇರುವವಳು. ಅವರ ಮುಖ, ಮುಂಗೈ, ಸೀರೆಯ ಅಂಚಿಗೆಲ್ಲ ಅರಿಶಿನದ ಪುಡಿ ಹಾರಿ ಕುಳಿತಂತೆ ಗುರುನಾಥ ಹಬ್ಬದ ದಿನಗಳಲ್ಲೇ ಬಣ್ಣ ಮುಗಿಸಿದ್ದ. ಕೇರುವವಳ ಮುಂದೆ ಸ್ಟೂಲಿನ ಮೇಲೆ ಭರತೇಶ ಕುಳಿತಿದ್ದ, ಕೈಯಲ್ಲಿ ಬ್ರಶ್. ಕೆಳಗೆ ಡಬ್ಬಿಯ ಮೇಲೆ ಕುಳಿತು ಬಣ್ಣ ಕಲಸಿ ಕೊಡುತ್ತಿದ್ದವಳು ಹರ್ಷದಾ. ಗುರುನಾಥನ ಕೈಕೆಳಗೆ ಬ್ರಶ್ ಹಿಡಿಯಲು ಕಲಿತ ಹುಡುಗಿ, ಕನ್ನಡ ಅರ್ಥವಾದರೂ ಮರಾಠಿಯಲ್ಲೇ ಉತ್ತರ ಕೊಡುವವಳು, ಅವನನ್ನು ಕಾಕಾ ಎಂದು ಕರೆಯುವವಳು. ಭರತೇಶ ಎರಡು ವರ್ಷದಿಂದ ಬಸದಿಗೆ ಹೋಗಿ ನೇರ ಶೆಡ್ಡಿಗೆ ಬರುತ್ತಿದ್ದ. ಇಷ್ಟು ಬೇಗ ಬಂದು ಯಾರಿಗೆ ತೋರಿಸಬೇಕು ಎಂದು ಗುರುನಾಥ ಅದಕ್ಕೂ ಚೇಷ್ಟೆ ಮಾಡಿದ್ದುಂಟು.

ಗುರುನಾಥನ ತಲೆಗೆ ರಕ್ತ ಏರಿತು. ಕುರ್ಚಿ ಸಿಕ್ಕು ಎರಡು ದಿನ ಆಗಿಲ್ಲ, ಆಗಲೇ ನನ್ನ ಕೈ ಅಳಿಸಲು ಕುಳಿತ.

"ಸಾಹೇಬರಿಗೆ ನನ್ನ ಕೆಲಸಾ ಪಸಂದ ಬೀಳಲಿಲ್ಲೇನು?" ಎಂದ.

ಭರತೇಶ ತಿರುಗಿ ನೋಡಿದ. ಮುಖ ಸುಣ್ಣವಾಯಿತು. ಬ್ರಶ್ಶನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

"ಹೇಳಲಾ. ಇವತ್ತೇನ ಮೌನ ಇಲ್ಲಲ್ಲ." ಗುರುನಾಥ ಗೊಂಬೆಯ ಹತ್ತಿರ ಬಂದು ಬಗ್ಗಿ ನೋಡಿದ. ಕೇರುವವಳ ಬಲಗೆನ್ನೆಯ ಮೇಲೆ ಬಣ್ಣ ಹಸಿಯಾಗಿ ಹೊಳೆಯುತ್ತಿತ್ತು, ಎಡಗೆನ್ನೆ ಒಣಗಿತ್ತು. ಹೊಸ ಅರ್ಧ, ಹಳೆಯ ಅರ್ಧ. ಅವನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ, ಬಾಗಿಲ ಬೆಳಕಿಗೆ ಸರಿದು ನಿಂತು ಮತ್ತೆ ನೋಡಿದ. "ಏನ ಬದಲ ಮಾಡಿ ಇದರಾಗ? ನಂದೂ ಇದ ಬಣ್ಣ, ನಿಂದೂ ಇದ ಬಣ್ಣ. ಇದ್ದದ್ದನ್ನ ಮತ್ತ ಬಳಿಯಾಕ ಹುಚ್ಚ ಹಿಡದೈತೇನು?"

ಗುರುನಾಥ ಹರ್ಷದಾಳ ಕಡೆ ತಿರುಗಿದ. "ನೀ ಹೇಳವಾ. ಎರಡೂ ಒಂದ ಅಲ್ಲೇನು?"

ಹರ್ಷದಾ ಕೈಯಲ್ಲಿದ್ದ ಬಣ್ಣದ ಬಟ್ಟಲನ್ನು ನೆಲಕ್ಕಿಟ್ಟಳು. ಆಮೇಲೆ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ತಲೆ ತಗ್ಗಿಸಿದಳು. ಅವಳ ಕಣ್ಣಿನಿಂದ ನೀರು ಇಳಿಯಿತು.

ಗುರುನಾಥ ಆ ಕೈಗಳನ್ನೇ ನೋಡಿದ. ಅವನಿಗೆ ಎಲ್ಲ ತಿಳಿಯಿತು. ಮಿರಜದ ಡಾಕ್ಟರರ ಮಾತು, ಡಬ್ಬಿಯ ಮೇಲಿನ ಹೆಸರು ಓದಿ ಓದಿ ಬಣ್ಣ ಕಲಸುವ ತನ್ನ ಹೊಸ ರೂಢಿ, ಎರಡು ವರ್ಷದಿಂದ ಭರತೇಶ ಬೆಳಗಾಗುತ್ತಲೇ ಶೆಡ್ಡಿಗೆ ಓಡಿ ಬರುತ್ತಿದ್ದುದು. ಗೊಂಬೆಯ ಎರಡು ಕೆನ್ನೆಗಳಲ್ಲಿ ಭೇದವಿತ್ತು, ಅದು ಈ ಹುಡುಗಿಗೆ ಕಾಣುತ್ತಿತ್ತು, ಶೆಡ್ಡಿಗೆಲ್ಲ ಕಾಣುತ್ತಿತ್ತು. ತನಗೊಬ್ಬನಿಗೆ ಕಾಣುತ್ತಿರಲಿಲ್ಲ. ಅವನು ಗೊಂಬೆಯ ಪೀಠದ ಮೇಲೆಯೇ ಕುಳಿತ.

"ಎಷ್ಟ ದಿನದಿಂದ?" ಎಂದ.

"ಲೇಸರ್ ಆದ ಮ್ಯಾಲಿಂದ." ಭರತೇಶ ಬ್ರಶ್ಶನ್ನು ಡಬ್ಬಿಯೊಳಗೆ ನಿಲ್ಲಿಸಿದ. "ನಿನ್ನ ಕೈ ಕೆಟ್ಟಿಲ್ಲೋ ಗುರು. ಗೆರಿ ಹಂಗ ಅದಾವ, ನೆರಳು ಹಂಗ ಐತಿ. ಹಳದಿ ಒಂದ."

"ಹೆಂಗ ಬರತಿತ್ತು ನನ್ನ ಹಳದಿ? ಖರೇ ಹೇಳು."

ಈ ಸಲ ಭರತೇಶನಿಗೆ ಅಡಗಿಕೊಳ್ಳಲು ವ್ರತವಿರಲಿಲ್ಲ. "ಬೂದಿ" ಎಂದ. "ಬೂದಿ ಬಡಕೊಂಡಂಗ."

ಗುರುನಾಥ ಕಣ್ಣು ಮುಚ್ಚಿಕೊಂಡ. ತನ್ನ ಹಳದಿ ನೋಡಿ ಕಣ್ಣೊರೆಸಿಕೊಂಡ ಮುದುಕಿಯರು ನೆನಪಾದರು. ಅದು ತನ್ನದೇ ಇತ್ತು, ಆಗ ಇತ್ತು. ಆಮೇಲಿನದೆಲ್ಲ ಬೇರೆಯವರ ಕೈ, ತಾನು ಅದನ್ನೇ ತನ್ನದೆಂದು ಬೀಗುತ್ತ ತಿರುಗಿದ್ದು.

"ಶೇಠ್ರು ಕೇಳಿದ್ರು" ಎಂದ ಭರತೇಶ. ತಡೆದಿಟ್ಟುಕೊಂಡಿದ್ದೆಲ್ಲ ಒಮ್ಮೆಲೇ ಬಂತು. "ಹೌದು ಅಂತ ಕೈ ಮಾಡಿದ್ರ ಅದು ಸುಳ್ಳ. ಅಲ್ಲ ಅಂತ ಮಾಡಿದ್ರ ಯಾಕ ಅಂತ ಕೇಳತಿದ್ರು, ಕಣ್ಣಿನ ಮಾತ ಹೊರಗ ಬೀಳತಿತ್ತು. ನನಗ ಕೈನ ಏಳಲಿಲ್ಲ. ನೀವು ಮಾಡತೀರೇನು ಅಂದ್ರು. ಒಲ್ಲೆ ಅಂದಿದ್ರ ಮತ್ತ ಹೊರಗಿನವರನ್ನ ತರತಿದ್ರು. ಅವರು ಬಂದ ದಿನಾನ ಅರಿಶಿನ ಪ್ಯಾಟಿ ಹಳದಿ ನೋಡಿ ನಿನ್ನ ಮನೀಗೆ ಕಳಸತಿದ್ರು. ನಾ ಇದ್ರ ನೀ ಇರತಿ ಅಂತ ಗೋಣ ಹಾಕಿದೆ."

"ನನಗ ಹೇಳಬೇಕಾಗಿತ್ತು."

"ಹೌದು."

"ಎರಡ ವರ್ಷ, ಭರತೇಶ. ಹಿಂದಿಂದ ತಿದ್ದಿಕೊಂತ ಬಂದಿ. ಮುಂದ ನನ್ನ ಕೂಡ ಕುಂತು ಊಟಾ ಮಾಡಿ."

"ಹೌದು." ಭರತೇಶ ಮುಖ ಒರೆಸಿಕೊಂಡ. "ನಿನ್ನೆ ಸಂಜಿಕ ನಿನ್ನ ಓಣಿ ತನಕಾ ಬಂದಿದ್ದೆ. ಒಳಗ ಬರಾಕ ಆಗಲಿಲ್ಲ. ಕ್ಷಮಾ ಕೇಳಾಂವ ಆ ತಪ್ಪ ಬಿಡತೇನಿ ಅಂತ ಕೇಳಬೇಕು. ನಾ ಮರದಿನ ಬೆಳಕ ಹರದ್ರ ಮತ್ತ ಬ್ರಶ್ ಹಿಡಿಯಾಂವ. ಯಾವ ಬಾಯಿಲೆ ಕೇಳಲಿ?"

ಗುರುನಾಥನಿಗೆ ಸಿಟ್ಟು ಇತ್ತು, ಇನ್ನೂ ಇತ್ತು. ತನ್ನನ್ನು ಇಷ್ಟು ಜನ ಸೇರಿ ಕೂಸಿನಂತೆ ಸಾಕಿದರಲ್ಲ ಎಂಬ ನಾಚಿಕೆ ಅದಕ್ಕಿಂತ ಹೆಚ್ಚಿತ್ತು. ಆದರೆ ಎದುರಿಗೆ ನಿಂತವನನ್ನು ದ್ವೇಷಿಸೋಣವೆಂದರೆ ಎಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲ. ದ್ರೋಹವಾಗಿದ್ದರೆ ಚೆನ್ನಾಗಿತ್ತು, ಬೈದು ಹಗುರಾಗಬಹುದಿತ್ತು. ಕಣ್ಣಿಗೆ ಯಾರನ್ನು ಬೈಯುವುದು.

ಅವನು ಕೈ ಚಾಚಿ ಕೇರುವವಳ ಹಸಿ ಕೆನ್ನೆಯನ್ನು ಒಂದು ಬೆರಳಿನಿಂದ ಮುಟ್ಟಿ, ಬೆರಳನ್ನು ಕಣ್ಣಿನ ಹತ್ತಿರ ಹಿಡಿದ.

"ಇದು ಅರಿಶಿನಾನ ಐತೇನು?"

"ಐತಿ. ನಿಂದು ಮದಲಿನದು ಬರತಿತ್ತಲ್ಲ, ಅಷ್ಟ ಛಂದ ನನಗ ಬರಂಗಿಲ್ಲ. ಆದರ ಅರಿಶಿನಾ ಐತಿ."

"ನೀ ಅಂದ್ರ ಐತಿ" ಎಂದ ಗುರುನಾಥ. ಬೆರಳನ್ನು ಎದೆಗೆ ಒರೆಸಿಕೊಂಡು ಎದ್ದ. ಬಣ್ಣದ ಕೋಣೆಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟ ತನ್ನ ಬ್ರಶ್ಶುಗಳನ್ನು ತಂದು ಹರ್ಷದಾಳ ಮಡಿಲಿಗೆ ಹಾಕಿದ. "ಅಳಬ್ಯಾಡವಾ. ದಪ್ಪನ್ನ ಬ್ರಶ್ ಕೆನ್ನಿಗೆ ಹಚ್ಚಬ್ಯಾಡ, ಪುಡಿ ಕುಂತಂಗ ಕಾಣೂದಿಲ್ಲ" ಎಂದ. ಅವಳು "ಹೋ ಕಾಕಾ" ಎಂದಳು, ಅಷ್ಟೇ ಆಯಿತು ಅವಳ ಕೈಯಲ್ಲಿ.

ಬಾಗಿಲ ಹತ್ತಿರ ಹೋದವನು ತಿರುಗದೆಯೇ ನಿಂತ. "ಸಂಜಿಕ ಬಾ" ಎಂದ ಭರತೇಶನಿಗೆ. "ಹೊತ್ತ ಮುಣಗೂದರೊಳಗ ಬಾ. ಮಂದಾ ಮತ್ತ ಅವಲಕ್ಕಿ ಮಾಡತಾಳ."

ಮಾಧವನಗರದ ಮನೆಯಲ್ಲಿ ಮಂದಾ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಬರಿಗೈಯಲ್ಲಿ ಬಂದ ಗಂಡನನ್ನು ನೋಡಿ, ಬ್ರಶ್ಶು ಎಲ್ಲಿ ಎಂದು ಕೇಳಬೇಕೆಂದಿದ್ದವಳ ಕಣ್ಣು ಅಂಗಿಯ ಮೇಲೆ ನಿಂತಿತು.

"ಏನ್ರಿ ಇದು. ಇವತ್ತ ಮದಲನೇ ಸಲ ಹಾಕ್ಕೊಂಡೀರಿ, ಇವತ್ತ ಹಳದಿ ಬಡಕೊಂಡು ಬಂದೀರಿ."

ಗುರುನಾಥ ತಲೆ ಬಗ್ಗಿಸಿ ಎದೆ ನೋಡಿಕೊಂಡ. ಅಂಗಿ ಬೆಳ್ಳಗಿತ್ತು.

"ಎಲ್ಲೆ?" ಎಂದ.

ಚೇಷ್ಟೆ ಮಾಡುತ್ತಿದ್ದಾನೆಂದು ಮಂದಾ ನಕ್ಕು, ಅವನ ಕೈ ಹಿಡಿದು ಬೆರಳನ್ನು ಎದೆಯ ಎಡಕ್ಕೆ ಒತ್ತಿದಳು. "ಇಲ್ಲೆ. ಇಷ್ಟ ದೊಡ್ಡದು ಕಾಣವಲ್ದೇನು?" ಬಣ್ಣ ಇನ್ನೂ ತುಸು ಅಂಟುತ್ತಿತ್ತು. ಗುರುನಾಥ ಮತ್ತೊಮ್ಮೆ ಬಗ್ಗಿ, ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ಅವಳ ನಗು ಮೆಲ್ಲಗೆ ನಿಂತಿತು.

"ಕಾಣವಲ್ದು ಮಂದಾ" ಎಂದ. "ಇರಲಿ ಬಿಡು. ಅದನ್ನ ತೊಳೀಬ್ಯಾಡ."